ನೀಡುವ ಕೈ, ಪಡೆಯುವ ಕೈ

ತಪಸ್ಸುಕಾಲದ ವಲಯ ಅಧ್ಯಯನ – ಅಕ್ಕಲಕೋಟ ರಸ್ತೆ ಎಂಐಡಿಸಿ ಭಾಗದ ಕನ್ನಡ ಕುಟುಂಬಗಳಿಗೆ

ಓದಿಕೊಂಡು ಬರಬೇಕಾದ ಭಾಗಗಳು: ಪ್ರೇಷಿತರ ಕಾರ್ಯಕಲಾಪಗಳು 11:27–30, ಕೊರಿಂಥದವರಿಗೆ ಬರೆದ ಎರಡನೆಯ ಪತ್ರ 8:1–21



ತಪಸ್ಸುಕಾಲ ಬಂತೆಂದರೆ ನಮ್ಮ ವಲಯದ ಮನೆಮನೆಗೂ ಕಾಣಿಕೆಯ ಲಕೋಟೆ ಹೋಗುತ್ತದೆ. ನಾವೇ ಹಂಚುತ್ತೇವೆ, ನಾವೇ ಮರಳಿ ಕೂಡಿಸುತ್ತೇವೆ. ಪ್ರತಿ ವರ್ಷವೂ ಲಕೋಟೆಯ ಜೊತೆಗೆ ಎರಡು ಪ್ರಶ್ನೆಗಳೂ ನಮ್ಮ ಕೈಗೆ ಬರುತ್ತವೆ. ಮೊದಲನೆಯದು: "ಮಗ್ಗ ನಾಲ್ಕು ದಿನ ನಿಂತರ ನಮ್ಮ ಪಗಾರನ ಬರೂದಿಲ್ಲ. ಕಾಣದ ಊರಿನವರಿಗೆ ನಾವ್ಯಾಕ ಕೊಡಬೇಕ್ರಿ?" ಎರಡನೆಯದು: "ಶ್ರೀಮಂತ ದೇಶದವರು ಇಷ್ಟು ವರ್ಷ ಕೋಟಿಗಟ್ಟಲೆ ಕೊಟ್ಟಾರಂತ. ಅದೆಲ್ಲಾ ಎಲ್ಲಿ ಹೋತು?"

ಹೀಗೆ ಕೇಳುವವರು ಜಿಪುಣರಲ್ಲ. ಟಾವೆಲ್ ಕಾರ್ಖಾನೆಯಲ್ಲಿ ಹನ್ನೆರಡು ತಾಸು ನಿಂತು ದುಡಿದು ಬಂದವರು. ಅವರಿಗೆ ಸರಿಯಾದ ಉತ್ತರ ಕೊಡದೆ ಲಕೋಟೆ ಮುಂದೆ ಹಿಡಿಯುವುದು ನ್ಯಾಯವಲ್ಲ. ದಾನದ ದನದ ಹಲ್ಲು ಎಣಿಸಬಾರದೆಂಬ ಗಾದೆ ಇದೆ. ಆದರೂ ಈ ತಿಂಗಳ ಪಾಠದಲ್ಲಿ ಎಣಿಸಿಯೇ ನೋಡೋಣ. ಒಂದು ದೇಶ ಇನ್ನೊಂದಕ್ಕೆ ಕೊಡುವ ನೆರವು ಏನು ಮಾಡಿದೆ, ಏನು ಮಾಡಿಲ್ಲ ಎಂದು ತಿಳಿದುಕೊಂಡರೆ ನಮ್ಮ ಚಿಕ್ಕ ಲಕೋಟೆಗೂ ಒಂದು ದಾರಿ ಕಾಣುತ್ತದೆ.

1. ಅಂತಿಯೋಕ್ಯದಿಂದ ಹೊರಟ ಹಣ

ಕ್ಲಾಡಿಯಸ್ ಚಕ್ರವರ್ತಿಯ ಕಾಲದಲ್ಲಿ ಜುದೇಯದಲ್ಲಿ ಬರ ಬಿತ್ತು. ಅಂತಿಯೋಕ್ಯದ ವಿಶ್ವಾಸಿಗಳು ತಮ್ಮ ತಮ್ಮ ಶಕ್ತ್ಯಾನುಸಾರ ಹಣ ಕೂಡಿಸಿ ಬಾರ್ನಬ ಮತ್ತು ಸೌಲನ ಕೈಯಲ್ಲಿ ಅಲ್ಲಿನ ಹಿರಿಯರಿಗೆ ಕಳುಹಿಸಿದರು. ಕೊಟ್ಟವರು ಬೇರೆ ಊರಿನವರು, ಬಹುಮಂದಿ ಬೇರೆ ಭಾಷೆಯವರು. ಪಡೆದವರ ಮುಖವನ್ನು ಅವರಲ್ಲಿ ಹೆಚ್ಚಿನವರು ನೋಡಿರಲಿಲ್ಲ. ಧರ್ಮಸಭೆಯ ಮೊದಲ ಪರದೇಶಿ ನೆರವು ಎಂದು ಇದನ್ನು ಕರೆಯಬಹುದು.

ಮುಂದೆ ಸಂತ ಪೌಲರು ಜೆರುಸಲೇಮಿನ ಬಡವರಿಗಾಗಿ ಇನ್ನೂ ದೊಡ್ಡ ಸಂಗ್ರಹ ಕೈಗೊಂಡರು. ಆ ಬಗ್ಗೆ ಕೊರಿಂಥದವರಿಗೆ ಬರೆಯುವಾಗ ಅವರು ಹೇಳುವ ಮೂರು ವಿಷಯಗಳನ್ನು ಗುರುತು ಹಾಕಿಕೊಳ್ಳೋಣ.

ಮೊದಲನೆಯದಾಗಿ, ಮಕೆದೋನಿಯದವರು ತಾವೇ ಕಡುಬಡವರಾಗಿದ್ದರೂ ಈ ಸೇವೆಯಲ್ಲಿ ತಮಗೂ ಪಾಲು ಕೊಡಿರೆಂದು ಪೌಲರನ್ನು ಬೇಡಿಕೊಂಡರು. ಕೊಡುವ ಅವಕಾಶಕ್ಕಾಗಿಯೇ ಬೇಡಿದರು. ಎರಡನೆಯದಾಗಿ, ಒಬ್ಬರನ್ನು ಹಗುರ ಮಾಡಲು ಇನ್ನೊಬ್ಬರ ಮೇಲೆ ಭಾರ ಹೊರಿಸುವುದು ಪೌಲರ ಉದ್ದೇಶವಲ್ಲ. ಇಂದು ಇವರ ಸಮೃದ್ಧಿ ಅವರ ಕೊರತೆಗೆ, ನಾಳೆ ಅವರ ಸಮೃದ್ಧಿ ಇವರ ಕೊರತೆಗೆ ಒದಗಿ ಇಬ್ಬರೂ ಸಮನಾಗಬೇಕು. ಮೂರನೆಯದಾಗಿ, ಹಣ ಒಯ್ಯಲು ಪೌಲರು ತಾವೊಬ್ಬರೇ ಹೊರಡಲಿಲ್ಲ. ಸಭೆಗಳೇ ಆರಿಸಿದ ಸಹೋದರನನ್ನು ಜೊತೆಗೆ ಸೇರಿಸಿಕೊಂಡರು; ಯಾರೂ ಬೆರಳು ತೋರಿಸಬಾರದು, ವ್ಯವಹಾರ ದೇವರ ಮುಂದಷ್ಟೇ ಅಲ್ಲ, ಜನರ ಮುಂದೆಯೂ ಚೊಕ್ಕವಾಗಿರಬೇಕು ಎಂದರು.

ಬಡವನಿಗೂ ಕೊಡುವ ಹಕ್ಕಿದೆ. ಇಂದು ಪಡೆದವನು ನಾಳೆ ಕೊಡುವವನಾಗುತ್ತಾನೆ. ಲೆಕ್ಕ ಎಲ್ಲರಿಗೂ ಕಾಣಬೇಕು. ಈ ಮೂರು ಅಳತೆಗಳನ್ನು ಹಿಡಿದು ನಮ್ಮ ಕಾಲಕ್ಕೆ ಬರೋಣ.

2. ಕೆಂಪು ಜೋಳದ ನೆನಪು

ನಮ್ಮ ಹಿರಿಯರಿಗೆ 1972ರ ಬರ ಇನ್ನೂ ಮರೆತಿಲ್ಲ. ಸೊಲ್ಲಾಪುರ, ಅಕ್ಕಲಕೋಟ, ಆ ಕಡೆ ಇಂಡಿ, ಅಫಜಲಪುರದ ಹೊಲಗಳೆಲ್ಲ ಒಣಗಿದವು. ಮಾಲದಂಡಿ ಬಿಳಿಜೋಳದ ರೊಟ್ಟಿ ತಿಂದು ಬೆಳೆದವರು ರೇಷನ್ ಅಂಗಡಿಯಲ್ಲಿ ಪರದೇಶದಿಂದ ಬಂದ ಕೆಂಪು ಜೋಳಕ್ಕೆ ಸಾಲುಗಟ್ಟಿದರು. ಅದರ ಹೆಸರು ಮಿಲೊ. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದವರಿಗೆ ಸುಕಡಿ ಹಂಚಿದರು. ಕರ್ನಾಟಕದ ಶಾಲೆಗಳಲ್ಲಿ ಓದಿದವರಿಗೆ ಕೇರ್ ಸಂಸ್ಥೆಯ ಹಾಲಿನ ಪುಡಿ ಮತ್ತು ಗೋಧಿ ನುಚ್ಚಿನ ಉಪ್ಪಿಟ್ಟಿನ ರುಚಿ ಇಂದಿಗೂ ನಾಲಿಗೆಯ ಮೇಲಿದೆ.

ಅದಕ್ಕೂ ಮೊದಲು, 1954ರಲ್ಲಿ ಅಮೆರಿಕ ಮಾಡಿದ ಪಿಎಲ್-480 ಎಂಬ ಕಾಯಿದೆಯ ಕೆಳಗೆ ನಮ್ಮ ದೇಶಕ್ಕೆ ಗೋಧಿ ಹಡಗುಗಳು ಬರುತ್ತಿದ್ದವು. 1966ರ ಬರದ ವರ್ಷ ಭಾರತ ಸುಮಾರು 1 ಕೋಟಿ ಟನ್ ಧಾನ್ಯ ತರಿಸಿಕೊಂಡಿತು. ಹಡಗಿನಿಂದ ನೇರ ಬಾಯಿಗೆ ಎನ್ನುವ ಸ್ಥಿತಿ. ಆ ಗೋಧಿ ಅಸಂಖ್ಯ ಜೀವ ಉಳಿಸಿತು. ಅದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಅದೇ ವರ್ಷಗಳಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಧಾನ್ಯವನ್ನು ಒಮ್ಮೆಗೇ ಬಿಡದೆ ತಿಂಗಳು ತಿಂಗಳಿಗೆ ಅಳೆದು ಬಿಟ್ಟರು. ನಮ್ಮ ಕೃಷಿ ನೀತಿ ಬದಲಾಗಬೇಕೆಂಬ ಒತ್ತಾಯವೂ, ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸುತ್ತದೆಂಬ ಸಿಟ್ಟೂ ಅದರ ಹಿಂದಿದ್ದವು. ನೆರವಿನ ಚೀಲದ ಬಾಯಿಗೆ ಒಂದು ಹಗ್ಗ ಕಟ್ಟಿರುತ್ತದೆ, ಆ ಹಗ್ಗದ ತುದಿ ಕೊಡುವವನ ಕೈಯಲ್ಲಿರುತ್ತದೆ ಎಂಬುದನ್ನು ನಮ್ಮ ದೇಶ ಆಗ ಕಲಿಯಿತು. ಕಲಿತು ಹೊಸ ಬೀಜ, ಗೊಬ್ಬರ, ನೀರಾವರಿಗೆ ಕೈಹಾಕಿತು. 2022ರಲ್ಲಿ ಭಾರತದ ಗೋಧಿ ಲಾರಿಗಳು ಅಟ್ಟಾರಿ ಗಡಿ ದಾಟಿ ಹಸಿದ ಅಫ್ಘಾನಿಸ್ತಾನಕ್ಕೆ ಹೋದವು. ಪಡೆದ ಕೈ ನೀಡುವ ಕೈ ಆಯಿತು.

1972ರ ಬರದಿಂದ ಇನ್ನೊಂದು ದೊಡ್ಡ ಪಾಠವೂ ಬಂತು. ಆ ಬರದ ಉಚ್ಛ್ರಾಯದಲ್ಲಿ ಮಹಾರಾಷ್ಟ್ರದಲ್ಲಿ ಸುಮಾರು 50 ಲಕ್ಷ ಜನ ಸರ್ಕಾರಿ ಕಾಮಗಾರಿಗಳ ಮೇಲೆ ದುಡಿಯುತ್ತಿದ್ದರು. ಬೇಡುವ ಬದಲು ದುಡಿದು ತಿನ್ನುವ ಈ ಕ್ರಮವೇ 1977ರಲ್ಲಿ ರೋಜಗಾರ ಹಮಿ ಕಾಯಿದೆಯಾಯಿತು. 2005ರಲ್ಲಿ ಇಡೀ ದೇಶದ ಉದ್ಯೋಗ ಖಾತರಿ ಕಾಯಿದೆಗೆ ಮಾದರಿಯಾಯಿತು. ಅದಕ್ಕೆ ಹಣ ಎಲ್ಲಿಂದ ಬಂತು? ಪಟ್ಟಣದ ಸಂಬಳದಾರರ ಮೇಲೆ ಹಾಕಿದ ವೃತ್ತಿ ತೆರಿಗೆಯಿಂದ. ನಿಮ್ಮ ಪಗಾರದ ಚೀಟಿಯಲ್ಲಿ 'ಪ್ರೊಫೆಷನ್ ಟ್ಯಾಕ್ಸ್' ಎಂದು ಕಡಿತವಾಗುತ್ತಿದ್ದರೆ ಅದರ ಮೂಲ ಇದೇ. ಕಾಣದ ಊರಿನ ಕೂಲಿಕಾರನಿಗೆ ಪಟ್ಟಣದ ನೌಕರ ತನಗೆ ಗೊತ್ತಿಲ್ಲದೆಯೇ ಕೊಟ್ಟ ನೆರವು ಅದು.

3. ಕಿಲ್ಲಾರಿಯ ಎರಡು ಪಾಠ

1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ. ಗಣಪತಿ ಕಳಿಸಿ ಜನ ಮಲಗಿದ್ದರು. ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಭೂಮಿ ನಡುಗಿ ಮಣ್ಣು-ಕಲ್ಲಿನ ಮನೆಗಳು ಕುಸಿದವು. ಸರ್ಕಾರದ ಲೆಕ್ಕದಲ್ಲೇ ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ಗಾಯಾಳುಗಳನ್ನು ನಮ್ಮ ಸೊಲ್ಲಾಪುರದ ಆಸ್ಪತ್ರೆಗಳಿಗೂ ತಂದರು.

ಆಗ ದೇಶವಿದೇಶಗಳಿಂದ ನೆರವು ಹರಿದು ಬಂತು. ಅದರಲ್ಲಿ ಎಲ್ಲವೂ ದಾನವಾಗಿರಲಿಲ್ಲ. ಪುನರ್ನಿರ್ಮಾಣಕ್ಕೆ ವಿಶ್ವಬ್ಯಾಂಕ್ ಕೊಟ್ಟದ್ದು ಕಡಿಮೆ ಭಾರದ ದೀರ್ಘಾವಧಿಯ ಸಾಲ. ನೆರವು ಎಂಬ ಮಾತು ಕೇಳಿದಾಗಲೆಲ್ಲ ಇದು ದಾನವೋ, ಸಾಲವೋ ಎಂದು ಕೇಳಬೇಕು. ಸಾಲವನ್ನು ಯಾರೋ ಒಬ್ಬರು ತೀರಿಸಲೇಬೇಕಾಗುತ್ತದೆ.

ಅಲ್ಲಿ ಎರಡು ಬಗೆಯ ಕೆಲಸ ನಡೆಯಿತು. ಪೂರ್ತಿ ನೆಲಸಮವಾದ 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಲಾಯಿತು. ಅಗಲ ರಸ್ತೆ, ಸಾಲು ಮನೆ, ಗಟ್ಟಿ ಗೋಡೆ. ಆದರೆ ಅನೇಕ ಕಡೆ ಹೊಲ ದೂರವಾಯಿತು, ದನ ಕಟ್ಟಲು ಜಾಗ ಇಲ್ಲದಾಯಿತು, ಅಂಗಳಕ್ಕೆ ಅಂಗಳ ಹೊಂದಿಕೊಂಡಿದ್ದ ನೆರೆಹೊರೆ ಚದುರಿತು. ಕಟ್ಟಿದವರ ಮನಸ್ಸು ಒಳ್ಳೆಯದೇ ಇತ್ತು. ರೈತನ ಮನೆ ಹೇಗಿರಬೇಕೆಂದು ರೈತನನ್ನು ಕೇಳಿದ್ದು ಸಾಲದಾಯಿತು. ಇನ್ನೊಂದು ಬಗೆಯಲ್ಲಿ, ಬಿರುಕು ಬಿಟ್ಟ ಲಕ್ಷಕ್ಕೂ ಹೆಚ್ಚು ಮನೆಗಳನ್ನು ಇದ್ದ ಜಾಗದಲ್ಲೇ ಬಲಪಡಿಸಲಾಯಿತು. ಹಣ ಕಂತು ಕಂತಾಗಿ ಮನೆಯವರ ಕೈಗೆ ಬಂತು. ಗೌಂಡಿಯನ್ನು ಅವರೇ ಗೊತ್ತುಮಾಡಿದರು, ಎಂಜಿನಿಯರ್ ದಾರಿ ತೋರಿಸಿದರು. ಹಳ್ಳಿಯ ಹೆಣ್ಣುಮಕ್ಕಳೇ 'ಸಂವಾದ ಸಹಾಯಕ'ರಾಗಿ ಮನೆಮನೆಗೆ ಹೋಗಿ ವಿಷಯ ತಿಳಿಸಿದರು. ಅಲ್ಲಿ ಮನೆಯ ಜೊತೆಗೆ ಧೈರ್ಯವೂ ಬೆಳೆಯಿತು; ಆ ಹೆಣ್ಣುಮಕ್ಕಳ ಗುಂಪುಗಳು ಮುಂದೆ ಉಳಿತಾಯ, ನೀರು, ಆರೋಗ್ಯದ ಕೆಲಸಗಳಿಗೂ ಇಳಿದವು.

ಹಣದ ಮೊತ್ತಕ್ಕಿಂತ ಯಾರು ತೀರ್ಮಾನ ಮಾಡಿದರು ಎಂಬುದೇ ಹೆಚ್ಚಿನ ವ್ಯತ್ಯಾಸ ಮಾಡಿತು.

4. ಲೋಕದ ಬೇರೆ ಬೇರೆ ಕಡೆ

ಇದೇ ಪಾಠ ಬೇರೆ ದೇಶಗಳಲ್ಲೂ ಕಾಣುತ್ತದೆ.

ಯುರೋಪ್: ಎರಡನೆಯ ಮಹಾಯುದ್ಧದ ನಂತರ ಬೂದಿಯಾಗಿದ್ದ ಪಶ್ಚಿಮ ಯುರೋಪಿಗೆ 1948ರಿಂದ ಅಮೆರಿಕ ಮಾರ್ಷಲ್ ಯೋಜನೆಯಲ್ಲಿ ಸುಮಾರು 1,300 ಕೋಟಿ ಡಾಲರ್ ನೆರವು ಕೊಟ್ಟಿತು. ಪಡೆಯುವ ದೇಶಗಳು ಒಟ್ಟಿಗೆ ಕುಳಿತು ತಮಗೇನು ಬೇಕೆಂದು ಯೋಜನೆ ಹಾಕಿಕೊಂಡವು. ನಮ್ಮ ಶಾಲೆಗಳಿಗೆ ಉಪ್ಪಿಟ್ಟು ಕೊಟ್ಟ ಕೇರ್ ಸಂಸ್ಥೆ ಹುಟ್ಟಿದ್ದೇ 1945ರಲ್ಲಿ, ಹಸಿದ ಯುರೋಪಿಗೆ ಆಹಾರದ ಪೊಟ್ಟಣ ಕಳಿಸಲು. ಹೀಗೆ ಪಡೆದ ಜರ್ಮನಿಯ ಕಥೋಲಿಕರೇ 1958ರಲ್ಲಿ ಮಿಸೆರಿಯೋರ್ ಸಂಸ್ಥೆ ಕಟ್ಟಿ, ತಪಸ್ಸುಕಾಲದ ಕಾಣಿಕೆ ಕೂಡಿಸಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಬಡವರಿಗೆ ಕಳಿಸತೊಡಗಿದರು.

ಏಷ್ಯಾ: ದಕ್ಷಿಣ ಕೊರಿಯಾ ಒಂದು ಕಾಲಕ್ಕೆ ನೆರವಿನ ಅಕ್ಕಿ ಗೋಧಿಯ ಮೇಲೆ ಬದುಕಿದ ದೇಶ. 2010ರಲ್ಲಿ ಅದು ನೆರವು ನೀಡುವ ದೇಶಗಳ ಸಮಿತಿಯನ್ನು ಸೇರಿತು. ನಮ್ಮಲ್ಲಿ 1970ರಲ್ಲಿ ಆರಂಭವಾದ 'ಆಪರೇಷನ್ ಫ್ಲಡ್' ನೋಡಿ. ಯುರೋಪಿನಿಂದ ಹಾಲಿನ ಪುಡಿ, ಬೆಣ್ಣೆ ಎಣ್ಣೆ ದಾನವಾಗಿ ಬಂದವು. ಡಾ. ಕುರಿಯನ್ ಅವರ ತಂಡ ಅದನ್ನು ಪುಕ್ಕಟೆ ಹಂಚಲಿಲ್ಲ. ಹಂಚಿದ್ದರೆ ನಮ್ಮ ರೈತನ ಹಾಲನ್ನು ಯಾರು ಕೊಳ್ಳುತ್ತಿದ್ದರು? ಡೇರಿಗಳ ಮೂಲಕ ಹಾಲಾಗಿ ಮಾರಿ, ಆ ಹಣದಿಂದ ಹಳ್ಳಿಯ ಸಹಕಾರಿ ಸಂಘಗಳನ್ನು ಕಟ್ಟಿದರು. ದಾನ ನಿಂತ ಮೇಲೂ ಡೇರಿ ಉಳಿಯಿತು.

ಆಫ್ರಿಕಾ: ಮಗ್ಗದವರಾದ ನಮಗೆ ಇದು ಬೇಗ ತಿಳಿಯುತ್ತದೆ. ಶ್ರೀಮಂತ ದೇಶಗಳ ಜನ ದಾನಕ್ಕೆಂದು ಕೊಟ್ಟ ಹಳೆ ಬಟ್ಟೆ ಮೂಟೆ ಮೂಟೆಯಾಗಿ ವ್ಯಾಪಾರಿಗಳ ಮೂಲಕ ಪೂರ್ವ ಆಫ್ರಿಕಾದ ಸಂತೆಗೆ ಬರುತ್ತದೆ. ಬಡವನಿಗೆ ಅಂಗಿ ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ಅಲ್ಲಿನ ನೇಕಾರ, ದರ್ಜಿ ಆ ಬೆಲೆಗೆ ಎಂದೂ ಹೊಲಿಯಲಾರ. 2016ರಲ್ಲಿ ಅಲ್ಲಿನ ದೇಶಗಳು ಈ ಆಮದನ್ನು ಹಂತ ಹಂತವಾಗಿ ನಿಲ್ಲಿಸಲು ಹೊರಟವು. ಅಮೆರಿಕದ ವ್ಯಾಪಾರಿಗಳು ದೂರಿದರು. ಒಂದೊಂದೇ ದೇಶ ಹಿಂದೆ ಸರಿಯಿತು. ಹಟ ಹಿಡಿದ ರುವಾಂಡದ ಸಿದ್ಧ ಉಡುಪಿಗೆ ಇದ್ದ ಸುಂಕ ವಿನಾಯಿತಿಯನ್ನು 2018ರಲ್ಲಿ ಅಮೆರಿಕ ತಡೆಹಿಡಿಯಿತು. ನಮ್ಮ ಎಂಐಡಿಸಿಯ ಗೇಟಿನ ಮುಂದೆ ಯಾರಾದರೂ ದಿನಾಲೂ ಹಳೆ ಟಾವೆಲ್, ಹಳೆ ಚಾದರ ಒಂದು ಲಾರಿ ಸುರಿದು ಹೋದರೆ ನಮ್ಮ ಮಗ್ಗದ ಗತಿ ಏನು? ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ದುಡಿಮೆಯನ್ನೇ ಕಿತ್ತುಕೊಂಡರೆ ಅದು ನೆರವಾಗುವುದಿಲ್ಲ.

ಹಾಗೆಂದು ನೆರವೇ ಬೇಡ ಎನ್ನುವಂತಿಲ್ಲ. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ನೂರು ರೂಪಾಯಿಯಲ್ಲಿ 70 ಪೈಸೆಯನ್ನು ಬಡ ದೇಶಗಳಿಗೆ ಕೊಡಬೇಕೆಂದು ವಿಶ್ವಸಂಸ್ಥೆ 1970ರಲ್ಲೇ ಗೊತ್ತುಮಾಡಿತು. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್‌ನಂಥ ಬೆರಳೆಣಿಕೆಯ ದೇಶಗಳು ಮಾತ್ರ ಆ ಮಾತು ಉಳಿಸಿಕೊಂಡಿವೆ. 1961ರಲ್ಲಿ ಹುಟ್ಟಿದ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ರಂದು ಬಾಗಿಲು ಮುಚ್ಚಿತು. ಆ ವರ್ಷದ ಆರಂಭದಲ್ಲಿ ಹಣ ಒಮ್ಮೆಗೇ ತಡೆಯಲ್ಪಟ್ಟಾಗ ಆಫ್ರಿಕಾದ ಎಷ್ಟೋ ಎಚ್‌ಐವಿ ಚಿಕಿತ್ಸಾಲಯಗಳು, ಆಹಾರ ಕೇಂದ್ರಗಳು ಕಂಗಾಲಾದವು. ಕೊಡುವುದರಲ್ಲಿ ತಪ್ಪಿರಬಹುದು, ಹೇಳದೆ ಕೇಳದೆ ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು. ಎರಡರಲ್ಲೂ ಪಡೆಯುವವನನ್ನು ಯಾರೂ ಕೇಳಲಿಲ್ಲ.

5. ಸೊಲ್ಲಾಪುರ ಕೊಟ್ಟದ್ದು

ಪಡೆದದ್ದನ್ನೇ ಇಷ್ಟು ಹೇಳಿದೆವು. ನಮ್ಮ ಊರು ಕೊಟ್ಟದ್ದೂ ಇದೆ. ಡಾ. ದ್ವಾರಕಾನಾಥ ಕೋಟ್ನಿಸ್ 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. 1938ರಲ್ಲಿ ಜಪಾನಿನ ದಾಳಿಗೆ ತುತ್ತಾಗಿದ್ದ ಚೀನಾ ವೈದ್ಯರ ನೆರವು ಕೇಳಿತು. ಭಾರತವೇ ಆಗ ಪರರ ಆಳ್ವಿಕೆಯಲ್ಲಿತ್ತು. ಸೊಲ್ಲಾಪುರವಂತೂ 1930ರಲ್ಲಿ ಮಾರ್ಷಲ್ ಲಾ ಕಂಡು, 1931ರಲ್ಲಿ ನಾಲ್ವರನ್ನು ನೇಣುಗಂಬಕ್ಕೆ ಕೊಟ್ಟ ಊರು. ಆದರೂ ಕಾಂಗ್ರೆಸ್ ಜನರಿಂದ ಹಣ ಕೂಡಿಸಿ ಐವರು ವೈದ್ಯರನ್ನು ಕಳುಹಿಸಿತು. ಉಳಿದವರು ಒಬ್ಬೊಬ್ಬರಾಗಿ ಮರಳಿದರು, ಕೋಟ್ನಿಸ್ ಮರಳಲಿಲ್ಲ. ಚೀನೀ ಭಾಷೆ ಕಲಿತು, ಯುದ್ಧಭೂಮಿಯಲ್ಲಿ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತ, ಅಲ್ಲಿನ ವೈದ್ಯರನ್ನು ತಯಾರು ಮಾಡುತ್ತ, 1942ರ ಡಿಸೆಂಬರ್ 9ರಂದು 32ನೆಯ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು.

ನಮಗೇ ಸಾಲದು ಎಂದು ಆ ಕಾಲದ ಜನ ಹೇಳಿದ್ದರೆ ತಪ್ಪೆನ್ನಲಾಗುತ್ತಿರಲಿಲ್ಲ. ಅವರು ಹಾಗೆ ಹೇಳಲಿಲ್ಲ. ಮಕೆದೋನಿಯದವರ ಮನಸ್ಸು ಸೊಲ್ಲಾಪುರದಲ್ಲೂ ಇತ್ತು.

6. ಧರ್ಮಸಭೆಯ ಮಾತು

ವಿಶ್ವಗುರು ಆರನೆಯ ಪೌಲರು 1964ರ ಡಿಸೆಂಬರಿನಲ್ಲಿ ಪರಮಪ್ರಸಾದ ಮಹಾಸಮ್ಮೇಳನಕ್ಕಾಗಿ ಮುಂಬಯಿಗೆ ಬಂದಾಗ, ದೇಶಗಳು ಶಸ್ತ್ರಾಸ್ತ್ರಕ್ಕೆ ಸುರಿಯುವ ಹಣದಲ್ಲಿ ಒಂದು ಭಾಗವನ್ನು ಬಡವರಿಗಾಗಿ ಜಾಗತಿಕ ನಿಧಿಗೆ ಕೊಡಬೇಕೆಂದು ಕೇಳಿಕೊಂಡರು. 1967ರ ಮಾರ್ಚ್ 26ರ ಪಾಸ್ಕ ಹಬ್ಬದಂದು ಹೊರಟ ಅವರ ಪೊಪುಲೋರುಮ್ ಪ್ರೊಗ್ರೆಸ್ಸಿಯೊ ಎಂಬ ವಿಶ್ವಪತ್ರದಲ್ಲಿ ಆ ಮಾತು ಮತ್ತೆ ಬರುತ್ತದೆ. ವ್ಯಾಪಾರ ನ್ಯಾಯವಾಗಿರದಿದ್ದರೆ ಎಷ್ಟು ನೆರವು ಕೊಟ್ಟರೂ ವ್ಯರ್ಥ, ಪ್ರತಿ ಜನಾಂಗವೂ ತನ್ನ ಏಳಿಗೆಯನ್ನು ತಾನೇ ರೂಪಿಸಿಕೊಳ್ಳುವಂತಾಗಬೇಕು ಎಂಬುದು ಅದರ ಸಾರ.

ನಮ್ಮ ದೇಶದ ಧರ್ಮಸಭೆಯ ಸೇವಾ ಸಂಸ್ಥೆ ಕಾರಿತಾಸ್ ಇಂಡಿಯಾ 1962ರಲ್ಲಿ ಆರಂಭವಾಯಿತು. ಬಹುಕಾಲ ವಿದೇಶದ ಕಾಣಿಕೆಯೇ ಇಂಥ ಸೇವೆಗಳ ದೊಡ್ಡ ಆಸರೆಯಾಗಿತ್ತು. ಈಗ ವಿದೇಶಿ ದೇಣಿಗೆ ಕಾಯಿದೆ ಬಿಗಿಯಾಗಿದೆ. 2020ರ ತಿದ್ದುಪಡಿಯ ಪ್ರಕಾರ ಅಂಥ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ನೂರಕ್ಕೆ 20 ಮೀರಬಾರದು, ಒಂದು ಸಂಸ್ಥೆ ಇನ್ನೊಂದಕ್ಕೆ ಅದನ್ನು ಹಂಚುವಂತಿಲ್ಲ. ಹೊರಗಿನ ಹಣ ಕಡಿಮೆಯಾದಷ್ಟೂ ನಮ್ಮ ಲಕೋಟೆಯ ಹತ್ತು ರೂಪಾಯಿಯ ತೂಕ ಹೆಚ್ಚುತ್ತದೆ. ತಪಸ್ಸುಕಾಲದ ಕಾಣಿಕೆ ಅಂದರೆ ನಮ್ಮ ದೇಶದ ಬಡವರೇ ನಮ್ಮ ದೇಶದ ಬಡವರಿಗೆ ಕೊಡುವುದು.

7. ನಾವು ಮಾಡಿದ ತಪ್ಪು

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. 2020ರ ಲಾಕ್‌ಡೌನಿನಲ್ಲಿ ಮಗ್ಗಗಳು ನಿಂತಾಗ ನಾವು ಕೆಲವರು ಸೇರಿ ಎಂಐಡಿಸಿಯ ಸುತ್ತಲಿನ ಕುಟುಂಬಗಳಿಗೆ ಆಹಾರದ ಚೀಲ ಹಂಚಿದೆವು. ಅಕ್ಕಿ, ಮೈದಾ, ಎಣ್ಣೆ, ಸಕ್ಕರೆ. ಜೋಳದ ರೊಟ್ಟಿ ತಿನ್ನುವವರನ್ನು ಏನು ಬೇಕೆಂದು ಕೇಳಲಿಲ್ಲ. ಸಾಲಾಗಿ ನಿಲ್ಲಿಸಿದೆವು, ಒಬ್ಬೊಬ್ಬರದೂ ಫೋಟೋ ತೆಗೆದೆವು. ಒಬ್ಬ ತಾಯಿ ಸೆರಗು ಮುಖಕ್ಕೆ ಎಳೆದುಕೊಂಡು, "ಫೋಟೋ ಮೊದಲ ತೆಗೀತೀರೋ, ಚೀಲ ಮೊದಲ ಕೊಡತೀರೋ, ಅಣ್ಣಾರ?" ಎಂದು ಕೇಳಿದಳು. ನಾವು ನಕ್ಕೆವು.

ಮಗ್ಗ ಮತ್ತೆ ಶುರುವಾದ ಮೇಲೆ ಅದೇ ತಾಯಿ ನೂರು ರೂಪಾಯಿ ಹಿಡಿದು ಬಂದಳು. "ಮುಂದ ಯಾರಿಗರ ಬೇಕಾದರ ಇದನ್ನ ಹಾಕ್ರಿ" ಎಂದಳು. ನಾವು ತೆಗೆದುಕೊಳ್ಳಲಿಲ್ಲ. "ಇರಲಿ ಬಿಡವ್ವ, ನಿನಗ ಬೇಕಾಗತದ" ಎಂದು ಮರಳಿ ಕಳಿಸಿದೆವು. ಕರುಣೆಯೆಂದೇ ಆಗ ಅಂದುಕೊಂಡಿದ್ದೆವು. ಈ ಪಾಠಕ್ಕಾಗಿ ಪೌಲರ ಪತ್ರ ಮತ್ತೆ ಓದಿದಾಗ ಹೊಳೆಯಿತು: ಅವಳು ಮಕೆದೋನಿಯದವಳು. ಕೊಡುವ ಅವಕಾಶ ಬೇಡಿ ಬಂದಿದ್ದಳು. ನಾವು ಬಾಗಿಲು ಹಾಕಿದೆವು. ಅವಳನ್ನು ಪಡೆಯುವವಳಾಗಿಯೇ ಉಳಿಸಿಬಿಟ್ಟೆವು.

ಆರಂಭದ ಎರಡು ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ. ಕೊಟ್ಟದ್ದೆಲ್ಲ ಎಲ್ಲಿ ಹೋಯಿತು? ಪಡೆದವನನ್ನು ಕೇಳಿ ಕೊಟ್ಟ ಕಡೆ ಅದು ಡೇರಿಯಾಗಿ, ಗಟ್ಟಿ ಗೋಡೆಯಾಗಿ, ಹೆಣ್ಣುಮಕ್ಕಳ ಧೈರ್ಯವಾಗಿ ಉಳಿದಿದೆ. ಕೇಳದೆ ಕೊಟ್ಟ ಕಡೆ ಬಹಳಷ್ಟು ಸೋರಿ ಹೋಗಿದೆ. ಬಡವರಾದ ನಾವೇಕೆ ಕೊಡಬೇಕು? ಕೊಡುವುದು ಶ್ರೀಮಂತರ ಸ್ವತ್ತಲ್ಲ. ಕೊಡುವ ಹಕ್ಕು ಬಿಟ್ಟುಕೊಟ್ಟವನು ಪಡೆಯುವ ಸಾಲಿನಲ್ಲೇ ನಿಂತುಬಿಡುತ್ತಾನೆ. ಆದರೆ ಇದು ಒತ್ತಾಯವಲ್ಲ; ಶಕ್ತ್ಯಾನುಸಾರ ಎಂಬ ಅಂತಿಯೋಕ್ಯದ ಅಳತೆಯೇ ನಮ್ಮದೂ. ಖಾಲಿ ಲಕೋಟೆ ಮರಳಿ ಕೊಟ್ಟ ಮನೆಯ ಹೆಸರನ್ನು ಯಾರೂ ಬರೆದಿಡುವುದಿಲ್ಲ.

ವಲಯ ಸಭೆಯಲ್ಲಿ ಚರ್ಚೆಗೆ

1. ನಮ್ಮ ಮನೆಗೆ ಕಷ್ಟಕಾಲದಲ್ಲಿ ಯಾರು ನೆರವಾದರು? ಆ ನೆರವು ನಮ್ಮನ್ನು ಎತ್ತಿತೋ, ತಲೆ ತಗ್ಗಿಸುವಂತೆ ಮಾಡಿತೋ? 1972 ಮತ್ತು 1993ನ್ನು ಕಂಡ ಹಿರಿಯರು ಮೊದಲು ಮಾತನಾಡಲಿ.

2. ನಮ್ಮ ವಲಯಕ್ಕೆ ಹೊಸದಾಗಿ ದುಡಿಯಲು ಬಂದ ಕುಟುಂಬಗಳಿಗೆ, ಅವರು ಯಾವ ಭಾಷೆಯವರೇ ಇರಲಿ, ನಿಜವಾಗಿ ಏನು ಬೇಕಾಗಿದೆ? ಅವರನ್ನು ಕೇಳಿದ್ದೇವೆಯೇ?

3. ನಮ್ಮ ವಲಯದ ಕಾಣಿಕೆಯ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಹೇಗೆ ಇಡಬಹುದು?

ಈ ತಪಸ್ಸುಕಾಲದ ಸಂಕಲ್ಪ

ಲಕೋಟೆ ಕೂಡಿಸುವಾಗ ಇಬ್ಬರು ಜೊತೆಯಾಗಿ ಹೋಗೋಣ, ಒಬ್ಬರು ಹಿಂದಿನ ವರ್ಷ ನೆರವು ಪಡೆದ ಮನೆಯವರಾಗಿರಲಿ. ಒಟ್ಟು ಮೊತ್ತವನ್ನು ಮುಂದಿನ ಭಾನುವಾರ ಪೂಜೆಯ ನಂತರ ಕನ್ನಡ, ಮರಾಠಿ, ತೆಲುಗು ಮೂರರಲ್ಲೂ ಓದಿ ಹೇಳೋಣ. ಕೊಡುವಾಗ ಫೋಟೋ ಬೇಡ. ನಾವು ಮರಳಿ ಕಳಿಸಿದ ಆ ತಾಯಿಯ ಮನೆಗೆ ಈ ವರ್ಷ ಮೊದಲ ಲಕೋಟೆ ಒಯ್ದು, ಕ್ಷಮೆ ಕೇಳಿ ಕೊಡೋಣ.

ಪ್ರಾರ್ಥನೆ

ಪ್ರಭುವೇ, ಪಡೆಯುವಾಗ ನಮ್ಮ ತಲೆ ತಗ್ಗದಿರಲಿ, ನೀಡುವಾಗ ನಮ್ಮ ತಲೆ ತಿರುಗದಿರಲಿ. ಕಾಣದ ಊರಿನ ಹಸಿದವರನ್ನೂ ಪಕ್ಕದ ಮನೆಯ ಹಸಿದವರನ್ನೂ ನಿಮ್ಮ ಒಂದೇ ಊಟದ ಪಂಕ್ತಿಯಲ್ಲಿ ಕಾಣುವ ಕಣ್ಣು ನಮಗೆ ಕೊಡಿ. ಆಮೆನ್.